ಕತ್ತರಿಸಿದ ಹಾಡು ಎಲ್ಲಿಗೆ ಮರಳಬೇಕು?

ಕಸಬಾ ಎಂದರೆ ಕರ್ನಾಟಕದವರಿಗೆ ಮೊದಲು ನೆನಪಾಗುವುದು ಪಹಣಿ. ತಾಲ್ಲೂಕು ಯಾವುದಾದರೂ ಸರಿ, ಅದರಲ್ಲೊಂದು ಕಸಬಾ ಹೋಬಳಿ ಸಾಮಾನ್ಯವಾಗಿ ಇರುತ್ತದೆ. ಕೋಲ್ಕತ್ತದ ಕಸ್ಬಾದ ಹೆಸರೂ ಅದೇ ಮೂಲದ್ದು. ಬಾಲಿಗಂಜ್ ರೈಲು ನಿಲ್ದಾಣದ ಪೂರ್ವಕ್ಕೆ, ಬಿಜನ್ ಸೇತು ದಾಟಿದರೆ ಸಿಗುವ ಬಡಾವಣೆ ಅದು. ಹಳೆಯ ಓಣಿಗಳ ಮಗ್ಗುಲಲ್ಲೇ ಎತ್ತರದ ಅಪಾರ್ಟ್‌ಮೆಂಟುಗಳು, ರಾಜಡಾಂಗಾದ ಕಡೆಗೆ ಹೋದರೆ ಮಲ್ಟಿಪ್ಲೆಕ್ಸ್ ಇರುವ ಮಾಲ್. ಬೆಂಗಳೂರಿನಿಂದಲೋ ಹುಬ್ಬಳ್ಳಿಯಿಂದಲೋ ಕೆಲಸದ ಮೇಲೆ ಹೋದ ಒಂದು ಕನ್ನಡ ಕುಟುಂಬ ಅಲ್ಲಿ ಬಾಡಿಗೆಗಿದೆ ಎಂದುಕೊಳ್ಳೋಣ. ಮನೆಯ ತಾಯಿ 2003ರಲ್ಲಿ ಹತ್ತು ವರ್ಷದ ಹುಡುಗಿ. ಆ ವರ್ಷ ಬಂದ ‘ದ ಲಯನ್ ಕಿಂಗ್’ ಡಿವಿಡಿಯನ್ನು ಗೀರು ಬೀಳುವವರೆಗೂ ನೋಡಿದವಳು. ಝಾಜು ಹಕ್ಕಿ ಸಿಂಹರಾಜನಿಗೆ ಬೆಳಗಿನ ವರದಿ ಒಪ್ಪಿಸುತ್ತಾ ಹಾಡುವ ಹಾಡು ಅವಳಿಗೆ ಇವತ್ತಿಗೂ ಬಾಯಿಪಾಠ. ಈಗ ಮಗಳಿಗೆ ಅದೇ ಚಿತ್ರ ಹಾಕಿಕೊಟ್ಟರೆ ಆ ಹಾಡು ಬರುವುದೇ ಇಲ್ಲ. ಹಕ್ಕಿ ನಾಲ್ಕು ಮಾತಾಡಿ ಮುಗಿಸುತ್ತದೆ. ತಾಯಿಯ ನೆನಪೂ ಸುಳ್ಳಲ್ಲ, ಮಗಳು ನೋಡಿದ್ದೂ ಸುಳ್ಳಲ್ಲ.

ನಡೆದದ್ದು ಇಷ್ಟು. 1994ರಲ್ಲಿ ಬಿಡುಗಡೆಯಾದ ಚಿತ್ರದಲ್ಲಿ ಆ ಹಾಡು ಇರಲಿಲ್ಲ. 1997ರಲ್ಲಿ ಚಿತ್ರ ಬ್ರಾಡ್‌ವೇಯಲ್ಲಿ ನಾಟಕವಾದಾಗ ಎಲ್ಟನ್ ಜಾನ್ ಮತ್ತು ಟಿಮ್ ರೈಸ್ ಹೊಸದಾಗಿ ಬರೆದುಕೊಟ್ಟ ಹಾಡುಗಳಲ್ಲಿ ‘ದ ಮಾರ್ನಿಂಗ್ ರಿಪೋರ್ಟ್’ ಒಂದು. ನಾಟಕ ಗೆದ್ದಿತು. ಹಾಗಾಗಿ 2003ರ ಡಿವಿಡಿಗೆಂದು ಆ ಹಾಡಿಗೆ ಚಿತ್ರ ಬರೆಸಿ, ಒಂಬತ್ತು ವರ್ಷ ಹಳೆಯ ಸಿನಿಮಾದ ನಡುವೆ ಸೇರಿಸಿ ‘ವಿಶೇಷ ಆವೃತ್ತಿ’ ಎಂದು ಕರೆದರು. 2011ರ ಬ್ಲೂ-ರೇ ಬಂದಾಗ ಸದ್ದಿಲ್ಲದೆ ಚಿತ್ರದಿಂದ ತೆಗೆದರು. ಸೇರಿಸಿದ್ದೂ ಸಂಸ್ಥೆಯೇ, ತೆಗೆದದ್ದೂ ಸಂಸ್ಥೆಯೇ. ನಡುವಿನ ಎಂಟು ವರ್ಷಗಳಲ್ಲಿ ಬೆಳೆದ ಮಕ್ಕಳ ತಲೆಯಲ್ಲಿ ಮಾತ್ರ ಹಾಡು ಉಳಿದುಕೊಂಡಿತು.

ತೆಗೆದದ್ದು ಒಳ್ಳೆಯದೇ ಆಯಿತು ಎನ್ನಬೇಕು. ಮೂಲ ದೃಶ್ಯದಲ್ಲಿ ಹಕ್ಕಿಯ ಮಾತು ಹಿನ್ನೆಲೆಯ ಗದ್ದಲ ಅಷ್ಟೆ. ಅದು ಪ್ರಾಣಿಗಳ ಸುದ್ದಿಯನ್ನು ಶ್ಲೇಷೆ ಸೇರಿಸಿ ಒದರುತ್ತಿರುವಾಗ, ಅದರ ಬೆನ್ನ ಹಿಂದೆ ತಂದೆ ಮಗನಿಗೆ ಹೊಂಚುಹಾಕಿ ಹಾರುವುದನ್ನು ಕಲಿಸುತ್ತಿರುತ್ತಾನೆ. ನೋಡುವವರ ಕಣ್ಣು ಇರಬೇಕಾದದ್ದು ಆ ಅಪ್ಪ-ಮಗನ ಮೇಲೆ. ಸ್ವಲ್ಪ ಹೊತ್ತಿನಲ್ಲೇ ಆ ಅಪ್ಪ ಸಾಯುವವನಿದ್ದಾನೆ. ಹಕ್ಕಿಯ ಮಾತು ಹಾಡಾದ ತಕ್ಷಣ ಕಣ್ಣು, ಕಿವಿ ಎರಡೂ ಹಕ್ಕಿಯ ಕಡೆ ಹೋಗುತ್ತವೆ. ಹಾಡು ಕೆಟ್ಟದ್ದೇನಲ್ಲ. ಆ ಜಾಗ ಹಾಡಿನದಲ್ಲ.

ಆದರೂ ಕಸ್ಬಾದ ಆ ತಾಯಿಗೆ ಆಗಿರುವ ನಷ್ಟ ನಷ್ಟವೇ. ಕತ್ತರಿಸಿದ ಹಾಡನ್ನು ಮತ್ತೆ ಸೇರಿಸುವ ಬಗ್ಗೆ ನಡೆಯುವ ವಾದಗಳಲ್ಲಿ ಒಂದು ಕಡೆಯವರು ಕಲಾವಿದರ ಮೂಲ ಆಸೆಯ ಬಗ್ಗೆ ಹೇಳುತ್ತಾರೆ, ಇನ್ನೊಂದು ಕಡೆಯವರು ಬಿಡುಗಡೆಯಾದ ಚಿತ್ರದ ಪಾವಿತ್ರ್ಯದ ಬಗ್ಗೆ. ಒಂದು ಆವೃತ್ತಿಯ ಮೇಲೆ ಇನ್ನೊಂದನ್ನು ಬರೆದು ಹಳೆಯದನ್ನು ಅಳಿಸುವ ಅಭ್ಯಾಸದ ಬಗ್ಗೆ ಇಬ್ಬರೂ ಅಷ್ಟಾಗಿ ಮಾತಾಡುವುದಿಲ್ಲ. ಹಾಡನ್ನು ಸೇರಿಸಬೇಕೋ ಬೇಡವೋ ಎಂಬುದಕ್ಕಿಂತ ಆ ಅಭ್ಯಾಸದ ಪ್ರಶ್ನೆ ದೊಡ್ಡದು.

ಮೊದಲು ಒಂದು ತಾಂತ್ರಿಕ ಸಂಗತಿ. ನಟರಿರುವ ಸಿನಿಮಾದಲ್ಲಿ ಹಾಡು ಕತ್ತರಿಸಿದರು ಎಂದರೆ ಚಿತ್ರೀಕರಿಸಿದ ನೆಗೆಟಿವ್ ಎಲ್ಲೋ ಒಂದು ಡಬ್ಬಿಯಲ್ಲಿದೆ ಎಂದರ್ಥ. ನಮ್ಮ ಊರಿನ ಟಾಕೀಸುಗಳಲ್ಲಿ ಎರಡನೆಯ ವಾರ ಹಾಡು ಮಾಯವಾಗುವುದು, ಐದನೆಯ ವಾರ ‘ಹೊಸ ಹಾಡು ಸೇರಿಸಲಾಗಿದೆ’ ಎಂದು ಪೋಸ್ಟರಿನ ಮೇಲೆ ಚೀಟಿ ಅಂಟುವುದು ಯಾರಿಗೂ ವಿಚಿತ್ರ ಅನಿಸುತ್ತಿರಲಿಲ್ಲ. ಅನಿಮೇಷನ್ ಹಾಗಲ್ಲ. ಅಲ್ಲಿ ಸೆಕೆಂಡಿಗೆ 24 ಚೌಕಟ್ಟು ಓಡುತ್ತವೆ. ಒಂದು ಚಿತ್ರವನ್ನು ಎರಡು ಚೌಕಟ್ಟಿಗೆ ಹಿಡಿದರೂ ಸೆಕೆಂಡಿಗೆ 12 ಚಿತ್ರ ಬೇಕು. ಆರು ನಿಮಿಷದ ಹಾಡೊಂದರಲ್ಲಿ ಒಂದೇ ಪಾತ್ರ ಉದ್ದಕ್ಕೂ ಕುಣಿದರೆ ನಾಲ್ಕು ಸಾವಿರಕ್ಕೂ ಹೆಚ್ಚು ಚಿತ್ರಗಳು. ಇಷ್ಟು ಖರ್ಚಾದ ಮೇಲೆ ಕತ್ತರಿ ಹಾಕಲು ಯಾರಿಗೂ ಮನಸ್ಸು ಬಾರದು. ಆದ್ದರಿಂದ ಕಾರ್ಟೂನ್ ಸಿನಿಮಾದ ಹಾಡು ಸಾಯುವುದು ಸಾಮಾನ್ಯವಾಗಿ ಬಣ್ಣ ಹತ್ತುವ ಮೊದಲೇ. ಉಳಿಯುವುದು ಧ್ವನಿಮುದ್ರಣ, ಕಥಾಚಿತ್ರಗಳ ಹಲಗೆ, ಅದೃಷ್ಟವಿದ್ದರೆ ಒಂದಿಷ್ಟು ಪೆನ್ಸಿಲ್ ಗೆರೆ. ಹತ್ತು ವರ್ಷದ ನಂತರ ಅದನ್ನು ‘ಮರಳಿ ಸೇರಿಸಿದೆವು’ ಎಂದು ಹೇಳುವಾಗ ನಿಜವಾಗಿ ನಡೆದಿರುವುದು ಹೊಸ ನಿರ್ಮಾಣ. ಬೇರೆ ಕೈಗಳು, ಬೇರೆ ಯಂತ್ರಗಳು, ಹತ್ತು ವರ್ಷ ಹಳೆಯದಾದ ಕಂಠಗಳು.

ಇದರ ಮೊದಲ ಉದಾಹರಣೆಯೇ ಅತ್ಯುತ್ತಮ ಉದಾಹರಣೆಯೂ ಆಗಿರುವುದು ಸ್ವಾರಸ್ಯ. 1937ರ ‘ಸ್ನೋ ವೈಟ್’ ಚಿತ್ರಕ್ಕಾಗಿ ವಾರ್ಡ್ ಕಿಂಬಲ್ ಎಂಬ ಯುವ ಕಲಾವಿದ ಏಳು ಕುಳ್ಳರು ಸೊರಸೊರ ಸದ್ದು ಮಾಡುತ್ತಾ ಸೂಪು ಕುಡಿಯುವ ದೃಶ್ಯವನ್ನು ತಿಂಗಳುಗಟ್ಟಲೆ ಕೂತು ಬರೆದಿದ್ದ. ಅದಕ್ಕೊಂದು ಹಾಡೂ ಇತ್ತು. ಕಥೆಯ ಓಟ ತಡೆಯುತ್ತದೆಂದು ವಾಲ್ಟ್ ಡಿಸ್ನಿ ಅದನ್ನು ತೆಗೆದರು. ಕಿಂಬಲ್ ಕೆಲಸವನ್ನೇ ಬಿಡುವ ಯೋಚನೆಯಲ್ಲಿದ್ದ. ಮುಂದಿನ ‘ಪಿನೋಕಿಯೊ’ ಚಿತ್ರದ ಜಿಮಿನಿ ಮಿಡತೆಯನ್ನು ಅವನ ಕೈಗೆ ಕೊಟ್ಟು ಡಿಸ್ನಿ ಅವನನ್ನು ಉಳಿಸಿಕೊಂಡರು. ಸುಮಾರು ಎರಡು ದಶಕದ ಬಳಿಕ, 1956ರ ಅಕ್ಟೋಬರಿನಲ್ಲಿ, ‘ದ ಪ್ಲಾಸಿಬಲ್ ಇಂಪಾಸಿಬಲ್’ ಎಂಬ ಟಿವಿ ಕಾರ್ಯಕ್ರಮದಲ್ಲಿ ಡಿಸ್ನಿ ಅದೇ ಸೂಪಿನ ದೃಶ್ಯವನ್ನು ಜನರಿಗೆ ತೋರಿಸಿದರು. ಹೇಗೆ? ಬಣ್ಣ ತುಂಬದೆ, ಇದ್ದದ್ದು ಇದ್ದ ಹಾಗೆ, ಪೆನ್ಸಿಲ್ ಗೆರೆಯಲ್ಲೇ. ಚಿತ್ರದೊಳಗೆ ಅದನ್ನು ತುರುಕುವ ಗೋಜಿಗೆ ಹೋಗಲಿಲ್ಲ. ಕಿಂಬಲ್‌ನ ಶ್ರಮವನ್ನು ಲೋಕ ನೋಡಿತು, ‘ಸ್ನೋ ವೈಟ್’ ಇದ್ದಂತೆಯೇ ಉಳಿಯಿತು. ಮುಂದೆ ಅದೇ ಸಂಸ್ಥೆಗೆ ಈ ಸರಳ ದಾರಿ ಯಾಕೆ ಸಾಲದಾಯಿತೋ.

ಸಾಲದಾಗಲು ಒಂದು ಕಾರಣ ಹೋವರ್ಡ್ ಆಶ್ಮನ್. ಈ ಹೆಸರಿನ ಗೀತರಚನಕಾರನಿಲ್ಲದೆ ಈ ಚರ್ಚೆಯೇ ಇಲ್ಲ. ಸಂಗೀತಗಾರ ಅಲನ್ ಮೆಂಕೆನ್ ಜತೆ ಸೇರಿ ‘ದ ಲಿಟಲ್ ಮರ್ಮೇಡ್’, ‘ಬ್ಯೂಟಿ ಅಂಡ್ ದ ಬೀಸ್ಟ್’ ಹಾಡುಗಳನ್ನು ಬರೆದವರು, ‘ಅಲಾದಿನ್’ ಅರ್ಧ ಬರೆದಿಟ್ಟವರು. ಏಡ್ಸ್‌ನಿಂದ 1991ರ ಮಾರ್ಚ್ 14ರಂದು ತೀರಿಕೊಂಡಾಗ ಅವರಿಗೆ ನಲವತ್ತು ವರ್ಷ. ‘ಬ್ಯೂಟಿ ಅಂಡ್ ದ ಬೀಸ್ಟ್’ ಬಿಡುಗಡೆಗೆ ಇನ್ನೂ ಎಂಟು ತಿಂಗಳಿತ್ತು. ಆ ಚಿತ್ರಕ್ಕೆ ಅವರು ಬರೆದ ‘ಹ್ಯೂಮನ್ ಅಗೇನ್’ ಎಂಬ ದೊಡ್ಡ ಹಾಡು ಕೈಬಿಟ್ಟು ಹೋಗಿತ್ತು. ದೀಪಸ್ತಂಭ, ಗಡಿಯಾರ, ಟೀ ಕುಡಿಕೆಗಳಾಗಿ ಶಾಪಗ್ರಸ್ತರಾದ ಅರಮನೆಯ ಆಳುಗಳು ಮತ್ತೆ ಮನುಷ್ಯರಾದಾಗ ಏನೇನು ಮಾಡುತ್ತೇವೆ ಎಂದು ಕನಸು ಕಾಣುವ ಹಾಡು. ಅದರ ಮೊದಲ ರೂಪದಲ್ಲಿ ಋತುಗಳು ಉರುಳುತ್ತಿದ್ದವು. ತಿಂಗಳುಗಳು ಕಳೆದರೆ ಅತ್ತ ನಾಯಕಿಯ ತಂದೆ ಏನು ಮಾಡುತ್ತಿದ್ದ ಎಂಬ ಪ್ರಶ್ನೆ ಏಳುತ್ತಿತ್ತು. ಕಥೆ ಉತ್ತರಿಸಲಾರದ ಪ್ರಶ್ನೆ. ಹಾಡು ಹೋಯಿತು, ಅದರ ಬದಲು ಚಿಕ್ಕದೊಂದು ಹಾಡು ಬಂತು.

1994ರ ಬ್ರಾಡ್‌ವೇ ನಾಟಕದಲ್ಲಿ ‘ಹ್ಯೂಮನ್ ಅಗೇನ್’ ಪರಿಷ್ಕೃತ ರೂಪದಲ್ಲಿ ಬದುಕಿ ಬಂತು. ಅಲ್ಲಿ ಜನ ಮೆಚ್ಚಿದ ಮೇಲೆ ಅದಕ್ಕೆ ಚಿತ್ರ ಬರೆಸಿ, 2002ರ ಜನವರಿ 1ರಂದು ಐಮ್ಯಾಕ್ಸ್ ಪರದೆಗೆ ಬಂದ ಆವೃತ್ತಿಯಲ್ಲಿ ಸೇರಿಸಿದರು. ತೀರಿಹೋದ ಕವಿಗೆ ಸಂದ ಗೌರವ ಎಂದು ಹಲವರು ಭಾವಿಸಿದರು. ಅದರಲ್ಲಿ ತಪ್ಪೇನೂ ಇಲ್ಲ. ಹಾಡಿನ ನಡುವೆ ಬರುವ ಒಂದು ಸಣ್ಣ ಘಟನೆಯಂತೂ ಬೆಲೆಯುಳ್ಳದ್ದು. ನಾಯಕಿ ಪುಸ್ತಕವನ್ನು ಮೃಗದ ಕೈಗೆ ಕೊಟ್ಟಾಗ, ತನಗೆ ಓದು ಸರಿಯಾಗಿ ಬಾರದೆಂದು ಆ ದೈತ್ಯ ನಾಚುತ್ತಾ ಒಪ್ಪಿಕೊಳ್ಳುತ್ತಾನೆ. ಹಿಂದೆ ಅವಳಿಗೆ ಇಡೀ ಗ್ರಂಥಾಲಯವನ್ನು ಕೊಟ್ಟವನಿಗೆ ಓದಲು ಬರುವುದಿಲ್ಲ ಎಂದು ಗೊತ್ತಾದಾಗ ಆ ಕೊಡುಗೆಯ ಅರ್ಥವೇ ಬದಲಾಗುತ್ತದೆ. ಆದರೆ ಇಷ್ಟಕ್ಕಾಗಿ ಚಿತ್ರ ತೆರುವ ಬೆಲೆ ದೊಡ್ಡದು. ಇಬ್ಬರ ನಡುವೆ ಏನೋ ಮೊಳೆಯುತ್ತಿದೆ ಎಂಬ ಹಾಡು ಮುಗಿದು, ನಾಟ್ಯಶಾಲೆಯ ಹಾಡಿಗೆ ಮನಸ್ಸು ಸಜ್ಜಾಗುತ್ತಿರುವಾಗ, ಮಧ್ಯೆ ಆರು ನಿಮಿಷ ಪೊರಕೆ, ಬಕೆಟ್ಟುಗಳ ಮೆರವಣಿಗೆ. ಮೂರು ಹಾಡು ಸಾಲಾಗಿ ನಿಂತವು. ಮದುವೆ ಊಟದಲ್ಲಿ ಪಾಯಸ ಬಡಿಸುವ ಹೊತ್ತಿಗೆ ಇನ್ನೊಂದು ಸುತ್ತು ಕೋಸಂಬರಿ ಬಂದಂತೆ.

ಆದರೂ ಆ ವರ್ಷದ ಡಿವಿಡಿ ಒಂದು ಸರಿಯಾದ ಕೆಲಸ ಮಾಡಿತು. ಒಂದೇ ತಟ್ಟೆಯಲ್ಲಿ ಮೂರು ಆವೃತ್ತಿ ಕೊಟ್ಟಿತು: 1991ರ ಬಿಡುಗಡೆಯ ಚಿತ್ರ, ಹಾಡು ಸೇರಿಸಿದ ಚಿತ್ರ, ಮತ್ತು ಕೆಲಸ ಇನ್ನೂ ನಡೆಯುತ್ತಿದ್ದಾಗಿನ ಅಪೂರ್ಣ ಚಿತ್ರ. ಮೂರನೆಯದರ ಕಥೆ ಗೊತ್ತಿರಬೇಕಾದದ್ದು. 1991ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕ್ ಚಿತ್ರೋತ್ಸವಕ್ಕೆ ಚಿತ್ರವನ್ನು ಕಳಿಸುವಾಗ ಅದರ ಸುಮಾರು 70 ಭಾಗ ಮಾತ್ರ ಮುಗಿದಿತ್ತು. ಉಳಿದೆಡೆ ಪೆನ್ಸಿಲ್ ಗೆರೆಗಳು, ಕಥಾಹಲಗೆಯ ಚಿತ್ರಗಳು. ಸಿನಿಮಾ ಪಂಡಿತರು ತುಂಬಿದ್ದ ಸಭಾಂಗಣ ಎದ್ದು ನಿಂತು ಚಪ್ಪಾಳೆ ತಟ್ಟಿತು. ಬಣ್ಣವಿಲ್ಲದ ಗೆರೆಯ ಹಾಡನ್ನು ಪ್ರೇಕ್ಷಕರು ಸಹಿಸಲಾರರು ಎಂಬ ಮಾತಿಗೆ ಅಂದೇ ಉತ್ತರ ಸಿಕ್ಕಿತ್ತು.

ಆಶ್ಮನ್‌ರ ಇನ್ನೊಂದು ಹಾಡಿನ ಪಾಡು ಬೇರೆ. ‘ಅಲಾದಿನ್’ಗಾಗಿ ಅವರು ಬರೆದ ‘ಪ್ರೌಡ್ ಆಫ್ ಯುವರ್ ಬಾಯ್’ ಹಾಡಿನಲ್ಲಿ ದಾರಿ ತಪ್ಪಿದ ಹುಡುಗ ತಾಯಿಗೆ ಮಾತು ಕೊಡುತ್ತಾನೆ. ಆಮೇಲೆ ಕಥೆ ತಿದ್ದುವಾಗ ತಾಯಿಯ ಪಾತ್ರವನ್ನೇ ತೆಗೆದರು. ತಾಯಿಯೇ ಇಲ್ಲದ ಚಿತ್ರಕ್ಕೆ ಆ ಹಾಡನ್ನು ಯಾವ ತಂತ್ರಜ್ಞಾನವೂ ಮರಳಿಸಲಾರದು. 2014ರಲ್ಲಿ ಬ್ರಾಡ್‌ವೇ ನಾಟಕ ಬಂದಾಗ ಅದಕ್ಕೆ ರಂಗದ ಮೇಲೆ ಒಂದು ನೆಲೆ ಸಿಕ್ಕಿತು. ಒಳ್ಳೆಯ ಹಾಡಿಗೆ ಸಿನಿಮಾವೇ ಕೊನೆಯ ಮನೆ ಆಗಬೇಕಿಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಡ.

ಕತ್ತರಿಯ ಹಿಂದಿನ ತೀರ್ಮಾನ ಎಷ್ಟು ನಂಬಿಕೆಗೆ ಅರ್ಹ? ಇಲ್ಲಿ ಎರಡು ಪ್ರಸಂಗಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು. 1989ರ ‘ದ ಲಿಟಲ್ ಮರ್ಮೇಡ್’ ಚಿತ್ರವನ್ನು ಪರೀಕ್ಷೆಗೆಂದು ಮಕ್ಕಳಿಗೆ ತೋರಿಸಿದಾಗ, ಮತ್ಸ್ಯಕನ್ಯೆ ತನ್ನ ಗುಹೆಯಲ್ಲಿ ನೆಲದ ಮೇಲಿನ ಬದುಕಿಗಾಗಿ ಹಂಬಲಿಸಿ ಹಾಡುವ ಹೊತ್ತಿಗೆ ಮಕ್ಕಳು ಚಡಪಡಿಸಿದರು. ಆಗ ಸ್ಟುಡಿಯೊ ಮುಖ್ಯಸ್ಥ ಜೆಫ್ರಿ ಕ್ಯಾಟ್ಸನ್‌ಬರ್ಗ್ ಹಾಡನ್ನು ತೆಗೆಯಬೇಕೆಂದರು. ಆಶ್ಮನ್ ಹಟ ಹಿಡಿದರು, ಕಲಾವಿದ ಗ್ಲೆನ್ ಕೀನ್ ಜತೆಗೆ ನಿಂತರು, ಹಾಡು ಉಳಿಯಿತು. ಮಕ್ಕಳು ನೋಡಿದ್ದು ಬಣ್ಣ ತುಂಬದ ಕಚ್ಚಾ ಗೆರೆಗಳನ್ನು. ಬಣ್ಣ ಬಂದ ಮೇಲೆ ಅದೇ ಹಾಡು ಚಿತ್ರದ ಉಸಿರಾಯಿತು. ಆರು ವರ್ಷದ ನಂತರ ‘ಪೊಕಾಹಾಂಟಸ್’ ಚಿತ್ರದ ‘ಇಫ್ ಐ ನೆವರ್ ನ್ಯೂ ಯೂ’ ಹಾಡಿಗೂ ಅದೇ ಪರೀಕ್ಷೆ, ಮಕ್ಕಳದು ಅದೇ ಚಡಪಡಿಕೆ. ಆಶ್ಮನ್ ಇರಲಿಲ್ಲ. ಬಹುಪಾಲು ಚಿತ್ರ ಬರೆದು ಮುಗಿದಿದ್ದರೂ ಹಾಡು ಹೋಯಿತು. ಒಂದು ಪರೀಕ್ಷಾ ಪ್ರದರ್ಶನದಲ್ಲಿ ಎಂಟು ವರ್ಷದ ಮಗು ಕುರ್ಚಿಯಲ್ಲಿ ಹೊರಳಾಡಿದರೆ ಹಾಡಿನ ಹಣೆಬರಹ ನಿರ್ಧಾರ ಎಂಬ ವ್ಯವಸ್ಥೆ ಅದು. ಎರಡು ಹಾಡುಗಳಿಗೆ ಎರಡು ಗತಿಯಾದದ್ದರ ಕಾರಣ ಹಾಡಿನ ಗುಣದಲ್ಲಿ ಇರಲಿಲ್ಲ. ಕೋಣೆಯಲ್ಲಿ ಜಗಳವಾಡಲು ಯಾರಿದ್ದರು ಎಂಬುದರಲ್ಲಿತ್ತು.

‘ಪೊಕಾಹಾಂಟಸ್’ ಹಾಡು ಹೋದರೂ ಪೂರ್ತಿ ಹೋಗಲಿಲ್ಲ. ಅದರ ರಾಗ ಚಿತ್ರದ ಹಿನ್ನೆಲೆ ಸಂಗೀತದಲ್ಲಿ ಅಲ್ಲಲ್ಲಿ ಹರಿಯುತ್ತಲೇ ಇತ್ತು. ಕೊನೆಯಲ್ಲಿ ಹೆಸರುಗಳು ಮೂಡುವಾಗ ಜಾನ್ ಸೆಕಾಡ ಮತ್ತು ಶನೀಸ್ ಅದನ್ನೇ ಹಾಡುತ್ತಿದ್ದರು. ಚಿತ್ರ ನೋಡಿದವರಿಗೆ ಎಂದೂ ಕೇಳಿರದ ಹಾಡಿನ ನೆನಪು ಉಳಿಯುತ್ತಿತ್ತು. 2005ರ ಡಿವಿಡಿಯಲ್ಲಿ ದೃಶ್ಯವನ್ನು ಪೂರ್ತಿ ಮಾಡಿ ಮರಳಿಸಿದಾಗ ಅದು ತನ್ನ ಕುರ್ಚಿಯಲ್ಲೇ ಹೋಗಿ ಕೂತಂತಾಯಿತು. ಹಾಡನ್ನು ಸೇರಿಸಿದ ಪ್ರಸಂಗಗಳಲ್ಲಿ ಇದೊಂದನ್ನು ಒಪ್ಪಬಹುದು. ಚರಿತ್ರೆಯ ಮಾತು ಬೇರೆ. ಜಾನ್ ಸ್ಮಿತ್ ಬಂದಿಳಿದ 1607ರಲ್ಲಿ ನಿಜವಾದ ಪೊಕಾಹಾಂಟಸ್ ಹತ್ತು-ಹನ್ನೊಂದು ವರ್ಷದ ಹುಡುಗಿ. ಇಲ್ಲದ ಪ್ರೇಮಕ್ಕೆ ಇನ್ನೊಂದು ಪ್ರೇಮಗೀತೆ ಸೇರಿಸಿ ಚಿತ್ರದ ಸುಳ್ಳನ್ನು ಗಟ್ಟಿ ಮಾಡಿದರು ಎಂದು ಯಾರಾದರೂ ದೂರಿದರೆ ಅಲ್ಲಗಳೆಯುವುದು ಕಷ್ಟ.

ಹಾಗಾದರೆ ಅಳತೆಗೋಲು ಯಾವುದು? ಚಿತ್ರದೊಳಗೆ ಆ ಹಾಡಿಗಾಗಿ ಕಾಯುತ್ತಿರುವುದು ಏನಾದರೂ ಇದೆಯೇ ಎಂದು ನೋಡಬೇಕು. ಇದಕ್ಕೆ ಕಾರ್ಟೂನಿನ ದಾಯಾದಿಯಂತಿರುವ ಗೊಂಬೆ ಸಿನಿಮಾವೊಂದರ ಉದಾಹರಣೆ ಚೆನ್ನಾಗಿ ಒಪ್ಪುತ್ತದೆ: 1992ರ ‘ದ ಮಪೆಟ್ ಕ್ರಿಸ್ಮಸ್ ಕ್ಯಾರೊಲ್’. ಜಿಪುಣ ಸ್ಕ್ರೂಜನನ್ನು ಯೌವನದಲ್ಲಿ ಬಿಟ್ಟು ಹೋಗುವ ಹುಡುಗಿ ‘ವೆನ್ ಲವ್ ಈಸ್ ಗಾನ್’ ಎಂಬ ಹಾಡು ಹಾಡುತ್ತಾಳೆ. ಮಕ್ಕಳಿಗೆ ಬೇಸರವಾಗುತ್ತದೆ ಎಂದು ಚಿತ್ರಮಂದಿರದ ಪ್ರತಿಯಿಂದ ಅದನ್ನು ತೆಗೆದರು. ಆ ಸಲಹೆಯೂ ಕ್ಯಾಟ್ಸನ್‌ಬರ್ಗ್‌ರದೇ. ಆದರೆ ಚಿತ್ರದ ಕೊನೆಯ ಹಾಡು ಇದಕ್ಕೇ ಕೊಟ್ಟ ಉತ್ತರ. ಅದೇ ರಾಗ, ಕಳೆದುಹೋದ ಪ್ರೀತಿಯ ಜಾಗದಲ್ಲಿ ಸಿಕ್ಕ ಪ್ರೀತಿ. ಪ್ರಶ್ನೆ ತೆಗೆದು ಉತ್ತರ ಮಾತ್ರ ಉಳಿಸಿದಂತಾಗಿತ್ತು. ಹಳೆಯ ವಿಎಚ್ಎಸ್ ಕ್ಯಾಸೆಟ್ಟುಗಳಲ್ಲಿ ಹಾಡು ಇತ್ತು, ಆದರೆ ಮೂಲ ನೆಗೆಟಿವ್ ಕಳೆದಿತ್ತು. 2020ರಲ್ಲಿ ಅದು ಸಿಕ್ಕಿತು. 2022ರ ಡಿಸೆಂಬರಿನಲ್ಲಿ ಹಾಡು ಸೇರಿದ ಪೂರ್ಣ ಚಿತ್ರವನ್ನು ಡಿಸ್ನಿ ಪ್ಲಸ್‌ನಲ್ಲಿ ಪ್ರತ್ಯೇಕ ಆವೃತ್ತಿಯಾಗಿ ಇಟ್ಟರು, ಹಳೆಯದನ್ನು ತೆಗೆಯದೆ. ಕಾಯುತ್ತಿದ್ದ ಜಾಗಕ್ಕೆ ಹಾಡು ಬಂತು, ಯಾರ ನೆನಪಿಗೂ ಕತ್ತರಿ ಬೀಳಲಿಲ್ಲ. ಇದೇ ಅಳತೆಯಲ್ಲಿ ‘ಮಾರ್ನಿಂಗ್ ರಿಪೋರ್ಟ್’ ಸೋಲುತ್ತದೆ. ಆ ಚಿತ್ರದಲ್ಲಿ ಅದಕ್ಕಾಗಿ ಯಾರೂ ಕಾಯುತ್ತಿರಲಿಲ್ಲ.

ಆವೃತ್ತಿಗಳು ಅಕ್ಕಪಕ್ಕ ಬದುಕುವುದು ಕನ್ನಡದವರಿಗೆ ಹೊಸ ವಿಚಾರವಲ್ಲ. ಕರಾವಳಿಯಲ್ಲಿ, ಕಾಸರಗೋಡಿನಲ್ಲಿ ರಾತ್ರಿಯಿಡೀ ನಡೆಯುತ್ತಿದ್ದ ಯಕ್ಷಗಾನ ಈಗ ಎಷ್ಟೋ ಕಡೆ ಕಾಲಮಿತಿಯ ಆಟವಾಗಿದೆ. ಬೆಳಗಿನವರೆಗಿನ ಪ್ರಸಂಗವನ್ನು ಕೆಲವೇ ಗಂಟೆಗಳಿಗೆ ಇಳಿಸುವಾಗ ಭಾಗವತರು ಎಷ್ಟೋ ಪದ್ಯಗಳನ್ನು ಬಿಡುತ್ತಾರೆ. ಬಿಟ್ಟ ಪದ್ಯಕ್ಕಾಗಿ ಗೊಣಗುವ ಹಿರಿಯರು ಚೌಕಿಯ ಆಚೆ ಈಚೆ ಇದ್ದೇ ಇರುತ್ತಾರೆ. ಆದರೆ ಆ ಪದ್ಯ ಸತ್ತಿತು ಎಂದು ಯಾರೂ ಹೇಳುವುದಿಲ್ಲ. ಪ್ರಸಂಗದ ಪುಸ್ತಕದಲ್ಲಿ ಅದು ಇದೆ, ನಾಳೆ ಇನ್ನೊಂದು ಊರಿನಲ್ಲಿ ಇನ್ನೊಬ್ಬ ಭಾಗವತರು ಅದನ್ನು ಎತ್ತಿಕೊಳ್ಳಬಹುದು. ಇವತ್ತಿನ ಆಟ ನಿನ್ನೆಯ ಆಟವನ್ನು ಅಳಿಸುವುದಿಲ್ಲ. ಸಿನಿಮಾಕ್ಕೆ ಪ್ರಸಂಗದ ಪುಸ್ತಕವಿಲ್ಲ. ಸಂಸ್ಥೆಯ ಕಂಪ್ಯೂಟರಿನಲ್ಲಿ ಒಂದು ಕಡತ ಬದಲಾದರೆ ಕಸ್ಬಾದಲ್ಲಿಯೂ ಕಾಸರಗೋಡಿನಲ್ಲಿಯೂ ಅದೇ ರಾತ್ರಿ ಚಿತ್ರ ಬದಲಾಗಿರುತ್ತದೆ. ಡಿವಿಡಿಯ ಕಾಲದಲ್ಲಿ ಕನಿಷ್ಠ ಹಳೆಯ ತಟ್ಟೆ ಮನೆಯ ಕಪಾಟಿನಲ್ಲಿರುತ್ತಿತ್ತು.

ಕೋಲ್ಕತ್ತದವರಿಗೂ ಈ ಮಾತು ಅರ್ಥವಾಗುತ್ತದೆ. ಉಪೇಂದ್ರಕಿಶೋರ್ ರಾಯ್‌ಚೌಧುರಿ 1915ರಲ್ಲಿ ‘ಸಂದೇಶ್’ ಮಕ್ಕಳ ಪತ್ರಿಕೆಯಲ್ಲಿ ಬರೆದ ಗೂಪಿ-ಬಾಘಾ ಕಥೆಯನ್ನು ಅವರ ಮೊಮ್ಮಗ ಸತ್ಯಜಿತ್ ರಾಯ್ 1969ರಲ್ಲಿ ಸಿನಿಮಾ ಮಾಡಿದರು. ಹಾಡು ಬರೆದವರು, ರಾಗ ಹಾಕಿದವರು ರಾಯ್. ಗೂಪಿಗೆ ಕಂಠ ಕೊಟ್ಟವರು ಅನೂಪ್ ಘೋಷಾಲ್. ಆ ಹಾಡುಗಳು ಬಂಗಾಳದ ಮನೆಮನೆಯವು. ಅದೇ ಕಥೆಯನ್ನು ಶಿಲ್ಪಾ ರಾನಡೆ 2013ರಲ್ಲಿ ‘ಗೂಪಿ ಗವೈಯಾ ಬಾಘಾ ಬಜೈಯಾ’ ಎಂಬ ಹಿಂದಿ ಅನಿಮೇಷನ್ ಚಿತ್ರವಾಗಿ ಮಾಡಿದಾಗ ರಾಯ್ ಹಾಡುಗಳನ್ನು ಎತ್ತಿಕೊಳ್ಳಲಿಲ್ಲ. ಹೊಸ ಹಾಡು ಮಾಡಿಸಿದರು. ಚಿತ್ರಮಂದಿರಕ್ಕೆ ಬರಲು ಅದಕ್ಕೆ 2019ರವರೆಗೆ ಕಾಯಬೇಕಾಯಿತು ಎಂಬುದು ನಮ್ಮ ದೇಶದಲ್ಲಿ ಮಕ್ಕಳ ಸಿನಿಮಾದ ಪಾಡು. ಎಲ್ಲರಿಗೂ ಪ್ರಿಯವಾದ ಹಾಡನ್ನು ಬಿಟ್ಟದ್ದು ತಪ್ಪೇ? ಅಲ್ಲ. ರಾಯ್ ಚಿತ್ರ ಇಡಿಯಾಗಿ ಅದರ ಪಾಡಿಗೆ ಅದು ಇದೆ. ಯಾರಾದರೂ ಹೊಸ ಹಾಡುಗಳನ್ನು ತಂದು ಹಳೆಯ ಚಿತ್ರದ ಮೇಲೆ ಅಂಟಿಸಿ ಇದೇ ‘ಗೂಪಿ ಗೈನ್’ ಎಂದಿದ್ದರೆ ಕೋಲ್ಕತ್ತದ ಬೀದಿಯಲ್ಲಿ ಏನಾಗುತ್ತಿತ್ತು ಎಂದು ಊಹಿಸಲು ಕಷ್ಟವಿಲ್ಲ.

ನಮ್ಮ ಕಡೆ ಈ ಪ್ರಶ್ನೆ ನೇರವಾಗಿ ಎದುರಾದದ್ದು ‘ರಾಮಾಯಣ: ದ ಲೆಜೆಂಡ್ ಆಫ್ ಪ್ರಿನ್ಸ್ ರಾಮ’ ಚಿತ್ರದಲ್ಲಿ. ಜಪಾನಿನ ಯುಗೊ ಸಾಕೊ ಅವರ ಹುಚ್ಚು ಕನಸು, ನಮ್ಮ ರಾಮ್ ಮೋಹನ್ ಅವರ ಕೈ, ವನರಾಜ್ ಭಾಟಿಯಾ ಅವರ ಸಂಗೀತ. 1990ರ ದಶಕದ ಆರಂಭದ ಈ ಚಿತ್ರದ ಮೂಲ ಆವೃತ್ತಿಯಲ್ಲಿ ಮಾತು ಇಂಗ್ಲಿ‌ಷಿನದು, ಹಾಡು ಸಂಸ್ಕೃತದ್ದು. ಹಿಂದಿ ಆವೃತ್ತಿಯಲ್ಲಿ ರಾಮನಿಗೆ ಅರುಣ್ ಗೋವಿಲ್, ರಾವಣನಿಗೆ ಅಮರೀಶ್ ಪುರಿ, ನಿರೂಪಣೆಗೆ ಶತ್ರುಘ್ನ ಸಿನ್ಹಾ; ಹಾಡುಗಳೂ ಹಿಂದಿಯವು. ಮುಂದೆ ಅಮೆರಿಕದ ಪ್ರೇಕ್ಷಕರಿಗಾಗಿ ಚಿತ್ರವನ್ನು ಮೊಟಕು ಮಾಡಿ, ಹೆಸರು ಬದಲಿಸಿ, ಜೇಮ್ಸ್ ಅರ್ಲ್ ಜೋನ್ಸ್ ಅವರ ನಿರೂಪಣೆ ಹಾಕಿ ಇನ್ನೊಂದು ರೂಪ ತಯಾರಾಯಿತು. ಭಾರತದಲ್ಲಿ ಒಂದು ತಲೆಮಾರು ಈ ಚಿತ್ರವನ್ನು ಕಂಡದ್ದು ಟಿವಿಯಲ್ಲಿ, ಹೆಚ್ಚಾಗಿ ಹಿಂದಿಯಲ್ಲಿ. 2025ರ ಜನವರಿ 24ರಂದು ಅದು 4ಕೆ ಸ್ಪಷ್ಟತೆಯಲ್ಲಿ ದೇಶದ ಚಿತ್ರಮಂದಿರಗಳಿಗೆ ಬಂದಾಗ ಚಿತ್ರ ಹೊಳೆಯುತ್ತಿತ್ತು, ಆದರೆ ಹಿಂದಿಯಲ್ಲಿ ಕಂಠಗಳು ಹೊಸವಾಗಿದ್ದವು. ಗೋವಿಲ್-ಪುರಿ ಧ್ವನಿಗಾಗಿ ಹೋದವರಿಗೆ ನಿರಾಶೆಯಾಯಿತು. ಈ ಚಿತ್ರಕ್ಕೆ ಮೂಲ ಯಾವುದು? ಸಂಸ್ಕೃತ ಹಾಡಿನದೋ, ಹಿಂದಿ ಹಾಡಿನದೋ? ಎರಡೂ. ಯಾವುದಕ್ಕೆ ಜನ ಕಿವಿಗೊಟ್ಟು ಬೆಳೆದರೋ ಅದೆಲ್ಲವೂ. ಕಣ್ಣಿಗೆ 4ಕೆ ಕೊಟ್ಟವರು ಕಿವಿಗೆ ಒಂದು ಆಯ್ಕೆಯನ್ನು ಕೊಡಬಹುದಿತ್ತು. ಹಳೆಯ ಧ್ವನಿ ಬೇಕಾದವರು ಈಗಲೂ ಯಾರೋ ಪುಣ್ಯಾತ್ಮರು ಅಂತರ್ಜಾಲಕ್ಕೆ ಏರಿಸಿದ ಮಸುಕು ಪ್ರತಿಯನ್ನೇ ಹುಡುಕುತ್ತಾರೆ.

ಆ ಬಿಡುಗಡೆ ಇಂಗ್ಲಿಷ್, ಹಿಂದಿ, ತಮಿಳು, ತೆಲುಗಿನಲ್ಲಿ ಆಯಿತು. ಕನ್ನಡ ಪಟ್ಟಿಯಲ್ಲಿ ಇರಲಿಲ್ಲ. ಈ ಇಡೀ ಚರ್ಚೆಯಲ್ಲಿ ಕನ್ನಡದ ಮಕ್ಕಳ ಸ್ಥಾನ ವಿಚಿತ್ರ: ಬೇರೆಯವರು ಕತ್ತರಿಸಿದ ಒಂದು ಹಾಡಿಗಾಗಿ ವಾದಿಸುತ್ತಿರುವಾಗ, ಇವರಿಗೆ ಎಲ್ಲ ಹಾಡೂ ಕತ್ತರಿಸಿದ ಹಾಡೇ. ಡಬ್ಬಿಂಗ್‌ಗೆ ದಶಕಗಳ ಕಾಲ ಇದ್ದ ಅಘೋಷಿತ ತಡೆ ಕನ್ನಡದ ನಟರಿಗೆ, ತಂತ್ರಜ್ಞರಿಗೆ ಎಷ್ಟು ನೆರವಾಯಿತು ಎಂಬುದು ಬೇರೆ ಲೆಕ್ಕ. ಕಾರ್ಟೂನಿನಲ್ಲಿ ಕಾಪಾಡಬೇಕಾದ ನಟನ ಮುಖವೇ ಇರಲಿಲ್ಲ. 2009ರಲ್ಲಿ ಚಿಂಟು ಟಿವಿ ಬಂದ ಮೇಲೆ ಟಿವಿಯ ಕಾರ್ಟೂನುಗಳು ಕನ್ನಡ ಮಾತಾಡಿದವು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಡಬ್ಬಿಂಗ್ ತಡೆದವರಿಗೆ ದಂಡ ಹಾಕಿತು. ಆದರೂ ಡಿಸ್ನಿಯ ಆ ದೊಡ್ಡ ಹಾಡಿನ ಚಿತ್ರಗಳು ಅವುಗಳ ಕಾಲದಲ್ಲಿ ಕನ್ನಡದ ಚಿತ್ರಮಂದಿರಕ್ಕೆ ಕನ್ನಡದಲ್ಲಿ ಬರಲಿಲ್ಲ. 2025ರ ಜುಲೈನಲ್ಲಿ ಹೊಂಬಾಳೆ ಸಂಸ್ಥೆ ಅರ್ಪಿಸಿದ ‘ಮಹಾವತಾರ ನರಸಿಂಹ’ ಕನ್ನಡದಲ್ಲೂ ತೆರೆ ಕಂಡದ್ದು ಅಷ್ಟರ ಮಟ್ಟಿಗೆ ಒಂದು ತಿರುವು.

ಪರಭಾಷೆಯ ಕಾರ್ಟೂನಿಗೆ ಹಾಡು ಸೇರಿಸುವ ಕೆಲಸವನ್ನು ಭಾರತ ಒಮ್ಮೆ ಬಹಳ ಚೆನ್ನಾಗಿ ಮಾಡಿತ್ತು. ಜಪಾನಿನ ‘ಜಂಗಲ್ ಬುಕ್’ ಧಾರಾವಾಹಿ 1993ರಲ್ಲಿ ದೂರದರ್ಶನಕ್ಕೆ ಬಂದಾಗ ಗುಲ್ಜಾರ್ ಹಾಡು ಬರೆದರು, ವಿಶಾಲ್ ಭಾರದ್ವಾಜ್ ರಾಗ ಹಾಕಿದರು. ಮೂಲದಲ್ಲಿ ಇಲ್ಲದ ಆ ಶೀರ್ಷಿಕೆ ಹಾಡು ಇವತ್ತು ಮೌಗ್ಲಿಗಿಂತ ಹೆಚ್ಚು ಜನರ ನೆನಪಿನಲ್ಲಿದೆ. ಅದನ್ನು ಯಾರೂ ಮೂಲಕ್ಕೆ ಮಾಡಿದ ಅಪಚಾರ ಎನ್ನಲಿಲ್ಲ, ಯಾಕೆಂದರೆ ಅದು ಹಿಂದಿಯ ಆವೃತ್ತಿ ಎಂದು ಎಲ್ಲರಿಗೂ ಗೊತ್ತಿತ್ತು.

ಹಾಗಾಗಿ ಬೇಡಿಕೆ ದೊಡ್ಡದೇನಲ್ಲ. ಕಾಯುತ್ತಿರುವ ಜಾಗವಿದ್ದರೆ ಹಾಡನ್ನು ಮರಳಿಸಲಿ, ಆದರೆ ಪ್ರತ್ಯೇಕ ಆವೃತ್ತಿಯಾಗಿ, ವರ್ಷ ನಮೂದಿಸಿ: ಇದು 1991ರದು, ಇದು 2002ರದು, ಇದರಲ್ಲಿ ಇಂಥ ಹಾಡು ನಂತರ ಬರೆಸಿದ್ದು. ಚಿತ್ರ ಬರೆಯುವ ಮೊದಲೇ ಸತ್ತ ಹಾಡಾಗಿದ್ದರೆ ಕಿಂಬಲ್‌ನ ಸೂಪಿನಂತೆ ಪೆನ್ಸಿಲ್ ಗೆರೆಯಲ್ಲೇ ತೋರಿಸಲಿ. ನಾಳೆ ‘ಬ್ಯೂಟಿ ಅಂಡ್ ದ ಬೀಸ್ಟ್’ ಕನ್ನಡಕ್ಕೆ ಬಂದರೆ, ಮಾತನ್ನಷ್ಟೇ ಬದಲಿಸಿ ಹಾಡನ್ನು ಇಂಗ್ಲಿಷಿನಲ್ಲೇ ಬಿಡುವ ಸೋಮಾರಿತನ ಬೇಡ. ಹಾಡು ಕನ್ನಡದ ಕವಿಯೊಬ್ಬರ ಕೈಗೆ ಹೋಗಲಿ. ಆಳುಗಳ ಆ ಉದ್ದನೆಯ ಹಾಡನ್ನೂ ಸೇರಿಸಿಯೇ ಹೋಗಲಿ. ಮೂವತ್ತು ವರ್ಷ ತಡವಾಗಿ ಕೇಳುವವರಿಗೆ ಆರು ನಿಮಿಷ ಹೆಚ್ಚಾದರೆ ಏನೂ ಆಗದು.